ಕುಂಕುಮದ ಮರದಿಂದ ಪ್ರಯೋಗಾಲಯಕ್ಕೆ: ಆಯ್ಕೆಶೀಲ ಕೈನೇಸ್ ಪ್ರತಿಬಂಧಕಗಳ ಚರಿತ್ರೆಯಲ್ಲಿ ರಾಟ್ಲರಿನ್

ಕರ್ನಾಟಕದ ಪಶ್ಚಿಮಘಟ್ಟದ ಸೆರಗಿನಲ್ಲಿಯೂ ಒಳನಾಡಿನ ಎಲೆಯುದುರುವ ಕಾಡುಗಳಲ್ಲಿಯೂ ಬೆಳೆಯುವ ಕುಂಕುಮದ ಮರಕ್ಕೆ ಭಾರತದ ವೈದ್ಯ ಮತ್ತು ಬಣ್ಣಗಾರಿಕೆಯ ಪರಂಪರೆಗಳಲ್ಲಿ ದೀರ್ಘವಾದ ಇತಿಹಾಸವಿದೆ. ಅದರ ಕಾಯಿಯ ಮೇಲಿನ ಕೆಂಪು ಹುಡಿಯಿಂದ ಬೇರ್ಪಡಿಸಿದ ರಾಟ್ಲರಿನ್ ಎಂಬ ರಾಸಾಯನಿಕವು ೧೯೯೪ರ ನಂತರ ಜೀವಕೋಶ ವಿಜ್ಞಾನದ ಪ್ರಯೋಗಾಲಯಗಳನ್ನು ಪ್ರವೇಶಿಸಿತು. ಜೀವಕೋಶದೊಳಗಿನ ನೂರಾರು ಕೈನೇಸ್ ಕಿಣ್ವಗಳ ಪೈಕಿ ಒಂದನ್ನು ಮಾತ್ರ ಆಯ್ದು ತಡೆಯುವ ಸಾಧನವೆಂದು ಅದು ಹೆಸರಾಯಿತು. ಆರು ವರ್ಷಗಳೊಳಗೆ ಆ ಹೆಸರು ಸರಿಯಲ್ಲವೆಂದು ತಿಳಿದುಬಂದಿತು. ಆದರೂ ಹೆಸರು ಉಳಿಯಿತು, ಬಳಕೆಯೂ ಮುಂದುವರಿಯಿತು.

ಈ ಪ್ರಸಂಗವನ್ನು ಕೇವಲ ಒಂದು ರಾಸಾಯನಿಕದ ಕುರಿತಾದ ತಪ್ಪು ತಿಳಿವಳಿಕೆಯೆಂದು ಬದಿಗಿಡುವಂತಿಲ್ಲ. ಆಯ್ಕೆಶೀಲತೆ ಎಂದರೇನು, ಅದನ್ನು ಯಾರು ಹೇಗೆ ನಿರ್ಣಯಿಸುತ್ತಾರೆ, ನಿರ್ಣಯವೊಂದು ಹೆಸರಾಗಿ ಹೆಪ್ಪುಗಟ್ಟಿದ ಮೇಲೆ ಅದನ್ನು ತಿದ್ದುವುದು ಏಕೆ ಕಷ್ಟ ಎಂಬ ಪ್ರಶ್ನೆಗಳು ಇಲ್ಲಿ ಅಡಕವಾಗಿವೆ. ಪ್ರೋಟೀನ್ ಕೈನೇಸ್ ಪ್ರತಿಬಂಧಕಗಳು ಸಂಶೋಧನಾ ಸಾಧನಗಳಾಗಿ ಬೆಳೆದ ಚರಿತ್ರೆಯ ಹಿನ್ನೆಲೆಯಲ್ಲಿ ರಾಟ್ಲರಿನ್ನಿನ ವೃತ್ತಾಂತವನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

೧. ಕೈನೇಸ್ ಕಿಣ್ವಗಳು ಮತ್ತು ಸಾಧನದ ಅಗತ್ಯ

ಜೀವಕೋಶವು ಹೊರಗಿನಿಂದ ಬಂದ ಸೂಚನೆಯನ್ನು ಒಳಗಿನ ಕ್ರಿಯೆಯಾಗಿ ಮಾರ್ಪಡಿಸುವ ಬಗೆಗೆ ಸಂಕೇತ ಪ್ರಸರಣ ಎಂದು ಹೆಸರು. ಇದರ ಮುಖ್ಯ ವಿಧಾನಗಳಲ್ಲೊಂದು ಪ್ರೋಟೀನುಗಳಿಗೆ ಫಾಸ್ಫೇಟ್ ಗುಂಪನ್ನು ಸೇರಿಸುವುದು ಹಾಗೂ ತೆಗೆಯುವುದು. ಫಾಸ್ಫೇಟ್ ಸೇರಿದಾಗ ಪ್ರೋಟೀನಿನ ಆಕಾರ ಮತ್ತು ಚಟುವಟಿಕೆ ಬದಲಾಗುತ್ತವೆ. ತೆಗೆದಾಗ ಮೊದಲಿನ ಸ್ಥಿತಿ ಮರಳುತ್ತದೆ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರು ೧೯೫೦ರ ದಶಕದ ಮಧ್ಯಭಾಗದಲ್ಲಿ ಸ್ನಾಯುವಿನ ಒಂದು ಕಿಣ್ವವನ್ನು ಅಧ್ಯಯನ ಮಾಡುತ್ತ ಈ ಹಿಂದುಮುಂದಿನ ಕ್ರಿಯೆಯನ್ನು ಕಂಡುಕೊಂಡರು. ಇದಕ್ಕಾಗಿ ೧೯೯೨ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಫಾಸ್ಫೇಟನ್ನು ಸೇರಿಸುವ ಕಿಣ್ವಗಳೇ ಪ್ರೋಟೀನ್ ಕೈನೇಸ್‌ಗಳು. ಅವು ಎಟಿಪಿ ಎಂಬ ಶಕ್ತಿವಾಹಕ ಅಣುವಿನಿಂದ ಫಾಸ್ಫೇಟನ್ನು ಪಡೆದು ಗುರಿ ಪ್ರೋಟೀನಿನ ಸೆರೀನ್, ಥ್ರಿಯೊನೀನ್ ಅಥವಾ ಟೈರೊಸೀನ್ ಎಂಬ ಅಮೈನೊ ಆಮ್ಲಗಳಿಗೆ ವರ್ಗಾಯಿಸುತ್ತವೆ.

ಮಾನವ ಜೀನೋಮಿನಲ್ಲಿ ಇಂತಹ ೫೧೮ ಕೈನೇಸ್‌ಗಳಿರುವುದನ್ನು ೨೦೦೨ರಲ್ಲಿ ಜೆರಾರ್ಡ್ ಮ್ಯಾನಿಂಗ್ ಮತ್ತು ಸಹ ಸಂಶೋಧಕರು ಪಟ್ಟಿ ಮಾಡಿದರು. ಇವುಗಳಲ್ಲಿ ಯಾವುದು ಯಾವ ಕೆಲಸಕ್ಕೆ ಹೊಣೆ ಎಂಬುದನ್ನು ತಿಳಿಯುವ ಸರಳ ಮಾರ್ಗವೆಂದರೆ ಒಂದನ್ನು ಮಾತ್ರ ನಿಲ್ಲಿಸಿ, ಜೀವಕೋಶದಲ್ಲಿ ಏನು ನಿಲ್ಲುತ್ತದೆ ಎಂದು ನೋಡುವುದು. ಇದಕ್ಕೆ ಬೇಕಾದದ್ದು ಜೀವಕೋಶದ ಪೊರೆಯನ್ನು ದಾಟಿ ಒಳಹೊಕ್ಕು, ಗೊತ್ತುಪಡಿಸಿದ ಕೈನೇಸನ್ನು ತಡೆದು, ಉಳಿದವನ್ನು ಮುಟ್ಟದಿರುವ ಸಣ್ಣ ಅಣು. ಅದನ್ನೇ ಆಯ್ಕೆಶೀಲ ಪ್ರತಿಬಂಧಕ ಎನ್ನಲಾಗುತ್ತದೆ.

ಇಲ್ಲಿರುವ ತೊಡಕು ಮೂಲಭೂತವಾದುದು. ಬಹುಪಾಲು ಪ್ರತಿಬಂಧಕಗಳು ಎಟಿಪಿ ಬಂದು ಕೂರುವ ಕುಳಿಯಲ್ಲಿ ತಾವು ಕೂತು ಕಿಣ್ವವನ್ನು ತಡೆಯುತ್ತವೆ. ಎಲ್ಲ ಕೈನೇಸ್‌ಗಳಿಗೂ ಎಟಿಪಿಯೇ ಬೇಕಾದುದರಿಂದ ಆ ಕುಳಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ಒಂದೇ ಕಮ್ಮಾರನು ಮಾಡಿದ ಐನೂರು ಬೀಗಗಳಲ್ಲಿ ಒಂದಕ್ಕೆ ಮಾತ್ರ ಹೊಂದುವ ಕೀಲಿಯನ್ನು ಹುಡುಕುವ ಕೆಲಸಕ್ಕೆ ಇದನ್ನು ಹೋಲಿಸಬಹುದು. ಕೀಲಿಯು ಗೊತ್ತಾದ ಬೀಗಕ್ಕೆ ಹೊಂದಿತು ಎಂಬುದರಿಂದ ಉಳಿದ ಬೀಗಗಳಿಗೆ ಹೊಂದುವುದಿಲ್ಲವೆಂದು ಸಿದ್ಧವಾಗುವುದಿಲ್ಲ. ಅದಕ್ಕೆ ಉಳಿದ ಬೀಗಗಳನ್ನೂ ಪರೀಕ್ಷಿಸಬೇಕಾಗುತ್ತದೆ.

೨. ಮೊದಲ ತಲೆಮಾರಿನ ಪ್ರತಿಬಂಧಕಗಳು

ಪ್ರತಿಬಂಧಕಗಳ ಹುಡುಕಾಟಕ್ಕೆ ಹೆಚ್ಚಿನ ಪ್ರೇರಣೆ ದೊರೆತದ್ದು ಪ್ರೋಟೀನ್ ಕೈನೇಸ್ ಸಿ ಎಂಬ ಕಿಣ್ವದಿಂದ. ಜಪಾನಿನ ಕೋಬೆ ವಿಶ್ವವಿದ್ಯಾಲಯದಲ್ಲಿ ಯಸುತೋಮಿ ನಿಶಿಜುಕಾ ಮತ್ತು ಸಂಗಡಿಗರು ಅದನ್ನು ೧೯೭೭ರಲ್ಲಿ ಗುರುತಿಸಿದರು. ೧೯೮೨ರಲ್ಲಿ ಅವರ ತಂಡವೇ ಫೋರ್ಬಾಲ್ ಎಸ್ಟರ್‌ಗಳೆಂಬ ಸಸ್ಯಜನ್ಯ ರಾಸಾಯನಿಕಗಳು ಈ ಕಿಣ್ವವನ್ನು ನೇರವಾಗಿ ಚುರುಕುಗೊಳಿಸುತ್ತವೆಂದು ತೋರಿಸಿತು. ಈ ಎಸ್ಟರ್‌ಗಳ ಮೂಲ ಜಾಪಾಳದ ಬೀಜದ ಎಣ್ಣೆ. ಭಾರತೀಯ ವೈದ್ಯದಲ್ಲಿ ತೀವ್ರ ವಿರೇಚಕವೆಂದು ಹೆಸರಾದ ಈ ಎಣ್ಣೆಯು ಇಲಿಗಳ ಚರ್ಮದಲ್ಲಿ ಗಡ್ಡೆಗಳ ಬೆಳವಣಿಗೆಗೆ ಪೋಷಕವಾಗುತ್ತದೆಂದು ೧೯೪೦ರ ದಶಕದಲ್ಲಿಯೇ ಕಂಡುಬಂದಿತ್ತು. ಅದರ ಕ್ರಿಯಾಶೀಲ ಅಂಶವನ್ನು ೧೯೬೦ರ ದಶಕದಲ್ಲಿ ಜರ್ಮನಿಯ ಎರಿಕ್ ಹೆಕರ್ ಹಾಗೂ ಅಮೆರಿಕದ ಬೆಂಜಮಿನ್ ವಾನ್ ಡ್ಯೂರೆನ್ ಅವರ ತಂಡಗಳು ಬೇರ್ಪಡಿಸಿದ್ದವು. ಗಡ್ಡೆ ಬೆಳೆಸುವ ವಸ್ತುವಿನ ಗ್ರಾಹಕವೇ ಒಂದು ಕೈನೇಸ್ ಎಂದು ಗೊತ್ತಾದಾಗ ಅದನ್ನು ತಡೆಯುವ ವಸ್ತುವಿಗೆ ಸಂಶೋಧಕರೂ ಔಷಧ ಕಂಪನಿಗಳೂ ಹುಡುಕತೊಡಗಿದುದು ಸಹಜ.

ಜಪಾನಿನ ಹಿರೊಯೋಶಿ ಹಿಡಾಕಾ ಅವರ ತಂಡವು ೧೯೮೪ರಲ್ಲಿ ಎಚ್-೭ ಮತ್ತು ಎಚ್-೮ ಎಂಬ ಸಂಶ್ಲೇಷಿತ ಪ್ರತಿಬಂಧಕಗಳನ್ನು ಪ್ರಕಟಿಸಿತು. ಅದೇ ರಾಸಾಯನಿಕ ಕುಟುಂಬಕ್ಕೆ ಸೇರಿದ ಫ್ಯಾಸುಡಿಲ್ ೧೯೯೫ರಲ್ಲಿ ಜಪಾನಿನಲ್ಲಿ ಔಷಧವಾಗಿ ಮಾನ್ಯತೆ ಪಡೆಯಿತು. ಟೋಕಿಯೊದ ಕಿತಾಸಾತೊ ಸಂಸ್ಥೆಯಲ್ಲಿ ಸಾತೋಷಿ ಒಮುರಾ ಮತ್ತು ಸಂಗಡಿಗರು ೧೯೭೭ರಲ್ಲಿ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟಾರೊಸ್ಪೊರಿನ್ ಎಂಬ ವಸ್ತುವನ್ನು ಪಡೆದಿದ್ದರು. ಅದು ಪ್ರೋಟೀನ್ ಕೈನೇಸ್ ಸಿಯನ್ನು ಅತ್ಯಲ್ಪ ಪ್ರಮಾಣದಲ್ಲಿಯೇ ತಡೆಯುತ್ತದೆಂದು ೧೯೮೬ರಲ್ಲಿ ತಿಳಿಯಿತು. ಆದರೆ ಅದು ಉಳಿದ ಬಹುಪಾಲು ಕೈನೇಸ್‌ಗಳನ್ನೂ ಅಷ್ಟೇ ಬಲವಾಗಿ ತಡೆಯುವುದು ಕ್ರಮೇಣ ಸ್ಪಷ್ಟವಾಯಿತು. ಇಸ್ರೇಲಿನ ಅಲೆಕ್ಸಾಂಡರ್ ಲೆವಿಟ್ಸ್ಕಿ ಮತ್ತು ಸಂಗಡಿಗರು ೧೯೮೮ರಲ್ಲಿ ಟೈರೊಸೀನ್ ಕೈನೇಸ್‌ಗಳನ್ನು ತಡೆಯುವ ಟೈರ್‌ಫಾಸ್ಟಿನ್‌ಗಳನ್ನು ರೂಪಿಸಿದರು. ೧೯೯೦ರ ದಶಕದ ಮಧ್ಯದಲ್ಲಿ ಬಂದ ಪಿಡಿ ೯೮೦೫೯ ಮತ್ತು ಎಸ್‌ಬಿ ೨೦೩೫೮೦ ಎಂಬ ಪ್ರತಿಬಂಧಕಗಳು ಸಂಕೇತ ಪ್ರಸರಣದ ಎರಡು ಪ್ರಮುಖ ಹಾದಿಗಳ ಅಧ್ಯಯನವನ್ನು ಸುಗಮಗೊಳಿಸಿದವು.

ಇಲ್ಲಿ ಔಷಧ ಮತ್ತು ಸಾಧನಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ೨೦೦೧ರಲ್ಲಿ ಅಮೆರಿಕದಲ್ಲಿ ರಕ್ತದ ಕ್ಯಾನ್ಸರಿಗೆ ಮಾನ್ಯತೆ ಪಡೆದ ಇಮ್ಯಾಟಿನಿಬ್ ಔಷಧದ ಮೂಲ ಅಣು ದೊರೆತದ್ದು ಪ್ರೋಟೀನ್ ಕೈನೇಸ್ ಸಿಯ ಪ್ರತಿಬಂಧಕಗಳನ್ನು ಹುಡುಕುವಾಗ. ಅದು ಒಂದಕ್ಕಿಂತ ಹೆಚ್ಚು ಕೈನೇಸ್‌ಗಳನ್ನು ತಡೆಯುತ್ತದೆ. ಆ ಕಾರಣದಿಂದಲೇ ಜಠರಗರುಳಿನ ಒಂದು ಬಗೆಯ ಗಡ್ಡೆಗೂ ಅದು ಮದ್ದಾಯಿತು. ಸ್ಟಾರೊಸ್ಪೊರಿನ್ನಿನಿಂದ ರೂಪಿಸಿದ ಮಿಡೊಸ್ಟಾರಿನ್ ೨೦೧೭ರಲ್ಲಿ ಮತ್ತೊಂದು ಬಗೆಯ ರಕ್ತದ ಕ್ಯಾನ್ಸರಿಗೆ ಮಾನ್ಯವಾಯಿತು. ಔಷಧವು ರೋಗಿಯನ್ನು ಗುಣಪಡಿಸಿದರೆ ಅದು ಎಷ್ಟು ಕಿಣ್ವಗಳನ್ನು ಮುಟ್ಟಿತೆಂಬುದು ಎರಡನೆಯ ಪ್ರಶ್ನೆ. ಸಾಧನಕ್ಕಾದರೋ ಅದೇ ಮೊದಲ ಪ್ರಶ್ನೆ. ಎರಡು ಕಿಣ್ವಗಳನ್ನು ತಡೆಯುವ ವಸ್ತುವನ್ನು ಒಂದನ್ನೇ ತಡೆಯುತ್ತದೆಂದು ನಂಬಿ ಬಳಸಿದರೆ ಪ್ರಯೋಗವು ಉತ್ತರ ಕೊಡದೆ ಇರುವುದಿಲ್ಲ. ತಪ್ಪು ಉತ್ತರ ಕೊಡುತ್ತದೆ.

೩. ಕುಂಕುಮದ ಮರ: ಬಳಕೆ ಮತ್ತು ಹೆಸರುಗಳು

ಈ ಸಾಧನಗಳ ಸಾಲಿಗೆ ೧೯೯೪ರಲ್ಲಿ ಸೇರಿದ ರಾಟ್ಲರಿನ್ನಿಗೆ ಇತರ ಪ್ರತಿಬಂಧಕಗಳಿಗಿಲ್ಲದ ಪೂರ್ವಚರಿತ್ರೆಯೊಂದಿದೆ. ಅದರ ಮೂಲವಾದ ಮರವು ಕನ್ನಡದಲ್ಲಿ ಕುಂಕುಮದ ಮರ, ಚಂದ್ರಹಿಟ್ಟಿನ ಮರ ಎಂಬ ಹೆಸರುಗಳಿಂದ ಪರಿಚಿತ. ಮೂರು ಭಾಗಗಳುಳ್ಳ ಇದರ ಚಿಕ್ಕ ಕಾಯಿಗಳು ಬಲಿತಾಗ ಮೇಲೆಲ್ಲ ಇಟ್ಟಿಗೆಗೆಂಪಿನ ಹುಡಿ ಮೆತ್ತಿಕೊಂಡಿರುತ್ತದೆ. ಅದು ಸೂಕ್ಷ್ಮವಾದ ಗ್ರಂಥಿಗಳು ಮತ್ತು ರೋಮಗಳ ಸಮೂಹ. ಬಲಿತ ಕಾಯಿಗಳನ್ನು ಬುಟ್ಟಿಯಲ್ಲಿ ಹಾಕಿ ಕೈಯಿಂದ ತಿಕ್ಕಿ, ಬುಟ್ಟಿಯ ಸಂದುಗಳಿಂದ ಉದುರುವ ಹುಡಿಯನ್ನು ಕೆಳಗೆ ಹಾಸಿದ ಬಟ್ಟೆಯಲ್ಲಿ ಸಂಗ್ರಹಿಸುವ ಪದ್ಧತಿಯನ್ನು ಹತ್ತೊಂಬತ್ತನೆಯ ಶತಮಾನದ ಸಸ್ಯೌಷಧ ಗ್ರಂಥಗಳು ದಾಖಲಿಸಿವೆ.

ಸಂಸ್ಕೃತದಲ್ಲಿ ಇದು ಕಂಪಿಲ್ಲಕ. ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಇದರ ಉಲ್ಲೇಖವಿದ್ದು, ಹೊಟ್ಟೆಯ ಹುಳುಗಳನ್ನು ಹೊರಹಾಕುವ ವಿರೇಚಕವೆಂದು ಆಯುರ್ವೇದದಲ್ಲಿ ಪ್ರಸಿದ್ಧಿ ಪಡೆದಿದೆ. ರಸಶಾಸ್ತ್ರದ ಗ್ರಂಥಗಳು ಇದನ್ನು ಸಾಧಾರಣ ರಸಗಳ ಗುಂಪಿಗೆ ಸೇರಿಸಿ, ಇಟ್ಟಿಗೆಯ ಹುಡಿಯಂತೆ ಕಾಣುವ ವಸ್ತುವೆಂದು ವರ್ಣಿಸುತ್ತವೆ. ಈ ಹೋಲಿಕೆಗೆ ಇನ್ನೊಂದು ಮುಖವಿದೆ. ಪೇಟೆಗೆ ಬರುತ್ತಿದ್ದ ಹುಡಿಗೆ ಇಟ್ಟಿಗೆಯ ಪುಡಿ ಮತ್ತು ಮರಳನ್ನು ಬೆರೆಸುವ ರೂಢಿಯೂ ಹಳೆಯದು. ಹೆಸರು ಮತ್ತು ಬಣ್ಣ ಒಂದೇ ಆದರೂ ಒಳಗಿನ ಸರಕು ಬೇರೆಯಾಗಿರಬಹುದೆಂಬ ಎಚ್ಚರ ಕೊಳ್ಳುವವನಿಗೆ ಇರಬೇಕಾಗಿತ್ತು.

ಬಣ್ಣಗಾರರು ಈ ಹುಡಿಯಿಂದ ರೇಷ್ಮೆ ಮತ್ತು ಉಣ್ಣೆಗೆ ಕಿತ್ತಳೆಗೆಂಪಿನ ಬಣ್ಣ ಕಟ್ಟುತ್ತಿದ್ದರು. ಹುಡಿಯು ನೀರಿನಲ್ಲಿ ಕರಗುವುದಿಲ್ಲ. ಕ್ಷಾರದಲ್ಲಿ ಮಾತ್ರ ಗಾಢ ಕೆಂಪಾಗಿ ಕರಗುತ್ತದೆ. ಆದ್ದರಿಂದ ಸವಳು ಸೋಡ, ಪಟಿಕ ಮತ್ತು ಎಳ್ಳೆಣ್ಣೆಯೊಡನೆ ಅದನ್ನು ಅರೆದು ಕುದಿಸುವ ಕ್ರಮ ರೂಢಿಯಲ್ಲಿತ್ತು. ಈ ಕ್ರಮವನ್ನು ಬರಹಕ್ಕಿಳಿಸಿದವರಲ್ಲಿ ಪ್ರಮುಖನು ಕೋರಮಂಡಲ ತೀರದ ಸಸ್ಯಗಳನ್ನು ಅಧ್ಯಯನ ಮಾಡಿದ ವಿಲಿಯಂ ರಾಕ್ಸ್‌ಬರೊ. ಬಣ್ಣಗಾರರ ವಿಧಾನದಲ್ಲಿ ಒಂದು ಸಂಗತಿ ಗಮನಾರ್ಹ. ಹುಡಿಯ ಗುಣವು ಹುಡಿಯಲ್ಲಿ ಮಾತ್ರ ಇಲ್ಲ. ಯಾವ ಕ್ಷಾರದೊಡನೆ, ಎಷ್ಟು ಪ್ರಮಾಣದಲ್ಲಿ, ಯಾವ ನೂಲಿಗೆ ಎಂಬುದರ ಮೇಲೆ ಬಣ್ಣ ನಿರ್ಧಾರವಾಗುತ್ತದೆ.

ಈ ಮರದ ಕುರಿತು ಒಂದು ನಂಬಿಕೆಯೂ ಪ್ರಚಲಿತವಾಗಿದೆ. ಮಂಗಗಳು ಕಾಯಿಯನ್ನು ಮುಖಕ್ಕೆ ತಿಕ್ಕಿಕೊಂಡು ಮುಖವನ್ನು ಕೆಂಪು ಮಾಡಿಕೊಳ್ಳುತ್ತವೆಂಬ ಹೇಳಿಕೆಯಿಂದ ಇಂಗ್ಲಿಷಿನಲ್ಲಿ ಇದಕ್ಕೆ ಮಂಗಮುಖದ ಮರ ಎಂಬ ಹೆಸರು ಬಂದಿದೆ. ಹೆಸರು ಇರುವುದರಿಂದ ಹೇಳಿಕೆ ನಿಜವಿರಬೇಕೆಂದೂ, ಹೇಳಿಕೆ ಇರುವುದರಿಂದ ಹೆಸರು ಸರಿಯೆಂದೂ ಕೇಳುಗನಿಗೆ ತೋರುತ್ತದೆ. ಹೆಸರು ಮತ್ತು ಹೇಳಿಕೆಗಳು ಹೀಗೆ ಒಂದನ್ನೊಂದು ಎತ್ತಿ ಹಿಡಿಯುವುದು ಜಾನಪದ ಅಧ್ಯೇತೃಗಳಿಗೆ ಚಿರಪರಿಚಿತ ವಿದ್ಯಮಾನ.

ವಿದ್ವತ್ ವಲಯದಲ್ಲಿಯೂ ಮರದ ಹೆಸರು ಹಲವು ಬಾರಿ ಬದಲಾಯಿತು. ಲಾಮಾರ್ಕ್ ೧೭೮೬ರಲ್ಲಿ ಇದನ್ನು ಜಾಪಾಳದ ಕುಲವಾದ ಕ್ರೋಟಾನಿಗೆ ಸೇರಿಸಿದನು. ರಾಕ್ಸ್‌ಬರೊ ೧೭೯೫ರಿಂದ ಪ್ರಕಟವಾಗತೊಡಗಿದ ತನ್ನ ಕೋರಮಂಡಲ ಸಸ್ಯಗ್ರಂಥದಲ್ಲಿ ಇದನ್ನು ರಾಟ್ಲೇರಾ ಟಿಂಕ್ಟೋರಿಯಾ ಎಂದು ಕರೆದನು. ತರಂಗಂಬಾಡಿಯ ಡೇನಿಷ್ ಮಿಷನ್ನಿಗೆ ೧೭೭೬ರಲ್ಲಿ ಬಂದು, ಸಸ್ಯಸಂಗ್ರಹ ಮಾಡಿ, ತಮಿಳು-ಇಂಗ್ಲಿಷ್ ನಿಘಂಟನ್ನೂ ರಚಿಸಿದ ಯೋಹಾನ್ ಪೀಟರ್ ರಾಟ್ಲರ್ ಎಂಬ ಪಾದ್ರಿಯ ಗೌರವಾರ್ಥ ಆ ಹೆಸರು. ೧೮೬೫ರಲ್ಲಿ ಯೋಹಾನೆಸ್ ಮ್ಯೂಲರ್ ಇದನ್ನು ಮ್ಯಾಲೋಟಸ್ ಫಿಲಿಪ್ಪೆನ್ಸಿಸ್ ಎಂದು ಮರುನಾಮಕರಣ ಮಾಡಿದನು. ಸಸ್ಯದ ಹೆಸರಿನಿಂದ ರಾಟ್ಲರ್ ಮರೆಯಾದರೂ, ಥಾಮಸ್ ಆಂಡರ್ಸನ್ ೧೮೫೫ರಲ್ಲಿ ಹುಡಿಯಿಂದ ಬೇರ್ಪಡಿಸಿದ ಹಳದಿ ಹರಳಿಗೆ ಇಟ್ಟ ರಾಟ್ಲರಿನ್ ಎಂಬ ಹೆಸರು ಉಳಿಯಿತು. ೧೮೬೪ರ ಬ್ರಿಟಿಷ್ ಔಷಧಕೋಶವು ಹುಡಿಯನ್ನು ಲಾಡಿಹುಳುವಿನ ಮದ್ದಾಗಿ ಅಂಗೀಕರಿಸಿತು. ರಾಟ್ಲರಿನ್ನಿನ ಅಣುರಚನೆ ೧೯೩೦ರ ದಶಕದ ಕೊನೆಯಲ್ಲಿ ನಿರ್ಧಾರವಾಯಿತು.

೪. ೧೯೯೪ರ ವರದಿ

ಪ್ರೋಟೀನ್ ಕೈನೇಸ್ ಸಿ ಒಂದೇ ಕಿಣ್ವವಲ್ಲ, ಆಲ್ಫಾ, ಬೀಟಾ, ಗಾಮಾ, ಡೆಲ್ಟಾ ಮೊದಲಾದ ಹೆಸರುಗಳುಳ್ಳ ಕಿಣ್ವಗಳ ಕುಟುಂಬ ಎಂಬುದು ೧೯೮೦ರ ದಶಕದ ಉತ್ತರಾರ್ಧದಲ್ಲಿ ಗೊತ್ತಾಯಿತು. ಕುಟುಂಬದ ಪ್ರತಿ ಸದಸ್ಯನ ಪಾತ್ರವನ್ನು ಬೇರ್ಪಡಿಸಿ ತಿಳಿಯಬೇಕಾಗಿತ್ತು. ಅದಕ್ಕೆ ತಕ್ಕ ಪ್ರತಿಬಂಧಕಗಳಿರಲಿಲ್ಲ. ಇಂತಹ ಸಂದರ್ಭದಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಎಂ. ಗ್ಶ್ವೆಂಟ್ ಮತ್ತು ಸಹ ಸಂಶೋಧಕರು ೧೯೯೪ರಲ್ಲಿ ರಾಟ್ಲರಿನ್ ಕುರಿತ ವರದಿಯನ್ನು ಪ್ರಕಟಿಸಿದರು.

ವರದಿಯ ಪ್ರಕಾರ ಡೆಲ್ಟಾ ಕಿಣ್ವದ ಚಟುವಟಿಕೆಯನ್ನು ಅರ್ಧಕ್ಕೆ ಇಳಿಸಲು ೩ರಿಂದ ೬ ಮೈಕ್ರೋಮೋಲಾರ್ ಸಾಂದ್ರತೆಯ ರಾಟ್ಲರಿನ್ ಸಾಕು. ಆಲ್ಫಾ, ಬೀಟಾ, ಗಾಮಾಗಳಿಗೆ ೩೦ರಿಂದ ೪೨ ಮೈಕ್ರೋಮೋಲಾರ್ ಬೇಕು. ಕುಟುಂಬದ ಇನ್ನಿತರ ಸದಸ್ಯರಿಗೆ ೮೦ರಿಂದ ೧೦೦ ಬೇಕು. ಡೆಲ್ಟಾ ಮತ್ತು ಅದರ ಹತ್ತಿರದ ಬಂಧುಗಳ ನಡುವೆ ಹತ್ತು ಪಟ್ಟಿನಷ್ಟು ಅಂತರವನ್ನು ಈ ಅಂಕಿಗಳು ಸೂಚಿಸಿದವು. ಅದೇ ವರದಿಯಲ್ಲಿ ಇನ್ನೊಂದು ಅಂಕಿಯೂ ಇತ್ತು. ಕುಟುಂಬಕ್ಕೆ ಹೊರಗಿನದಾದ ಕ್ಯಾಲ್ಮೊಡ್ಯುಲಿನ್ ಕೈನೇಸ್ ೩ ಎಂಬ ಕಿಣ್ವವನ್ನು ರಾಟ್ಲರಿನ್ ೫.೩ ಮೈಕ್ರೋಮೋಲಾರಿನಲ್ಲಿ, ಅಂದರೆ ಡೆಲ್ಟಾದಷ್ಟೇ ಸುಲಭವಾಗಿ, ತಡೆಯುತ್ತಿತ್ತು. ವರದಿಯ ಶೀರ್ಷಿಕೆ ರಾಟ್ಲರಿನ್ನನ್ನು ಒಂದು ಹೊಸ ಪ್ರೋಟೀನ್ ಕೈನೇಸ್ ಪ್ರತಿಬಂಧಕವೆಂದಷ್ಟೇ ಕರೆದಿತ್ತು. ಡೆಲ್ಟಾದ ಹೆಸರು ಶೀರ್ಷಿಕೆಯಲ್ಲಿರಲಿಲ್ಲ.

ಮುಂದಿನ ಬರಹಗಳಲ್ಲಿ ಈ ಎರಡನೆಯ ಅಂಕಿ ಹಿಂದೆ ಸರಿಯಿತು. ಡೆಲ್ಟಾವನ್ನು ಅಧ್ಯಯನ ಮಾಡುವವರಿಗೆ ಸಾಧನ ಬೇಕಾಗಿತ್ತು. ಹತ್ತು ಪಟ್ಟಿನ ಅಂತರ ಆ ಬೇಡಿಕೆಗೆ ಹೊಂದಿತು. ರಾಟ್ಲರಿನ್ ಡೆಲ್ಟಾ ಪ್ರತಿಬಂಧಕ ಎಂಬ ಸಂಕ್ಷಿಪ್ತ ನಾಮದೊಡನೆ ಮಾರಾಟಗಾರರ ಪಟ್ಟಿಗಳನ್ನೂ ಪ್ರಬಂಧಗಳ ವಿಧಾನ ಭಾಗಗಳನ್ನೂ ಸೇರಿತು. ಜೀವಕೋಶದ ಸಾವು, ಸ್ರವಿಸುವಿಕೆ, ಉರಿಯೂತ ಮುಂತಾದ ಕ್ರಿಯೆಗಳಲ್ಲಿ ರಾಟ್ಲರಿನ್ ಹಾಕಿದಾಗ ಬದಲಾವಣೆ ಕಂಡರೆ ಆ ಕ್ರಿಯೆಗೆ ಡೆಲ್ಟಾವೇ ಕಾರಣ ಎಂದು ತೀರ್ಮಾನಿಸುವ ಪ್ರಬಂಧಗಳು ಒಂದರ ಹಿಂದೊಂದು ಬಂದವು. ಜಾಪಾಳದಿಂದ ಬಂದ ವಸ್ತು ಕಿಣ್ವವನ್ನು ಚುರುಕುಗೊಳಿಸುವುದು, ಅದೇ ಸಸ್ಯ ಕುಟುಂಬದ ಕುಂಕುಮದ ಮರದಿಂದ ಬಂದ ವಸ್ತು ಅದನ್ನು ತಡೆಯುವುದು ಎಂಬ ಜೋಡಣೆಯು ಅಂದವಾಗಿಯೂ ಇತ್ತು. ಅಂದವಾದ ಜೋಡಣೆ ಸತ್ಯವೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

೫. ಮರುಪರೀಕ್ಷೆ

ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ಫಿಲಿಪ್ ಕೋಹೆನ್ ಅವರ ನೇತೃತ್ವದ ತಂಡವು ಪ್ರೋಟೀನುಗಳ ಫಾಸ್ಫೇಟೀಕರಣದ ಅಧ್ಯಯನಕ್ಕೆ ಮೀಸಲಾದ ಸಂಶೋಧನಾ ಘಟಕದಲ್ಲಿ ಕೆಲಸ ಮಾಡುತ್ತಿತ್ತು. ಸ್ಟೀಫನ್ ಡೇವಿಸ್, ಕೋಹೆನ್ ಮತ್ತು ಸಹ ಸಂಶೋಧಕರು ೨೦೦೦ದಲ್ಲಿ ಪ್ರಕಟಿಸಿದ ಪ್ರಬಂಧವು ಈ ಕ್ಷೇತ್ರದ ಚರಿತ್ರೆಯಲ್ಲಿ ಒಂದು ತಿರುವು. ಆಯ್ಕೆಶೀಲವೆಂದು ಮಾರಾಟವಾಗುತ್ತಿದ್ದ ೨೮ ಪ್ರತಿಬಂಧಕಗಳನ್ನು ಅವರು ಒಂದೇ ಪ್ರಯೋಗಾಲಯದಲ್ಲಿ, ಏಕರೂಪದ ಕ್ರಮದಲ್ಲಿ, ಕೈನೇಸ್‌ಗಳ ದೊಡ್ಡ ಸಮೂಹವೊಂದರ ಎದುರು ಪರೀಕ್ಷಿಸಿದರು. ಅದುವರೆಗೆ ಪ್ರತಿ ಪ್ರತಿಬಂಧಕವನ್ನೂ ಅದನ್ನು ಕಂಡುಹಿಡಿದವರು ತಮ್ಮಲ್ಲಿ ಲಭ್ಯವಿದ್ದ ಕೆಲವೇ ಕಿಣ್ವಗಳ ಎದುರು ನೋಡಿದ್ದರು.

ಫಲಿತಾಂಶವು ಅನೇಕರಿಗೆ ಅನಿರೀಕ್ಷಿತವಾಗಿತ್ತು. ಕೆಲವು ಪ್ರತಿಬಂಧಕಗಳು ಹೆಸರಿಗೆ ತಕ್ಕಂತೆ ವರ್ತಿಸಿದವು. ರಾಟ್ಲರಿನ್, ಕ್ವೆರ್ಸೆಟಿನ್ ಮತ್ತು ಕೆಟಿ ೫೭೨೦ ಎಂಬ ಮೂರು ವಸ್ತುಗಳು ಮಾತ್ರ ಹಲವು ಕೈನೇಸ್‌ಗಳನ್ನು, ಕೆಲವೊಮ್ಮೆ ತಮ್ಮ ಗುರಿಯೆಂದು ಹೇಳಲಾದ ಕಿಣ್ವಕ್ಕಿಂತ ಬಲವಾಗಿ, ತಡೆಯುವುದು ಕಂಡುಬಂದಿತು. ರಾಟ್ಲರಿನ್ ಎಂಎಪಿಕೆಎಪಿ-ಕೆ೨ ಮತ್ತು ಪಿಆರ್‌ಎಕೆ ಎಂಬ ಕಿಣ್ವಗಳನ್ನು ಕಡಿಮೆ ಸಾಂದ್ರತೆಯಲ್ಲಿ ತಡೆಯಿತು. ಆದರೆ ಡೆಲ್ಟಾ ಕಿಣ್ವವನ್ನು ಆ ಪರೀಕ್ಷೆಯಲ್ಲಿ ತಡೆಯಲೇ ಇಲ್ಲ. ಜೀವಕೋಶಗಳಲ್ಲಿ ಈ ಮೂರು ವಸ್ತುಗಳನ್ನು ಬಳಸಿ ಪಡೆದ ತೀರ್ಮಾನಗಳು ತಪ್ಪಾಗಿರುವ ಸಾಧ್ಯತೆ ಹೆಚ್ಚು ಎಂದು ಲೇಖಕರು ಸ್ಪಷ್ಟ ಮಾತುಗಳಲ್ಲಿ ಬರೆದರು.

ಹಾಗಾದರೆ ಡೆಲ್ಟಾವನ್ನು ತಡೆಯದ ರಾಟ್ಲರಿನ್ ಜೀವಕೋಶಗಳಲ್ಲಿ ಡೆಲ್ಟಾಗೆ ಸಂಬಂಧಿಸಿದ ಬದಲಾವಣೆಗಳನ್ನು ಉಂಟುಮಾಡುತ್ತಿದ್ದುದು ಹೇಗೆ? ಇದಕ್ಕೆ ಉತ್ತರ ಅಮೆರಿಕದ ಸ್ಟೀಫನ್ ಸೋಲ್ಟಾಫ್ ಅವರ ೨೦೦೧ರ ಅಧ್ಯಯನದಲ್ಲಿ ದೊರೆಯಿತು. ಇಲಿಯ ಲಾಲಾಗ್ರಂಥಿಯ ಕೋಶಗಳಲ್ಲಿ ಕೆಲಸ ಮಾಡಿದ ಅವರು, ರಾಟ್ಲರಿನ್ ಮೈಟೊಕಾಂಡ್ರಿಯಗಳ ಕಾರ್ಯವನ್ನು ಕೆಡಿಸುತ್ತದೆಂದು ತೋರಿಸಿದರು. ಮೈಟೊಕಾಂಡ್ರಿಯಗಳು ತಮ್ಮ ಪೊರೆಯ ಎರಡು ಬದಿಗಳಲ್ಲಿ ಪ್ರೋಟಾನುಗಳ ಏರುಪೇರನ್ನು ನಿರ್ಮಿಸಿಕೊಂಡು, ಅಣೆಕಟ್ಟಿನ ನೀರಿನಿಂದ ವಿದ್ಯುತ್ತು ಪಡೆಯುವಂತೆ, ಆ ಏರುಪೇರಿನಿಂದ ಎಟಿಪಿಯನ್ನು ತಯಾರಿಸುತ್ತವೆ. ರಾಟ್ಲರಿನ್ ಆ ಅಣೆಕಟ್ಟಿನಲ್ಲಿ ಸೋರಿಕೆ ಉಂಟುಮಾಡುವ ವಸ್ತು. ಎಟಿಪಿ ಕಡಿಮೆಯಾದಾಗ ಫಾಸ್ಫೇಟಿನ ಮೂಲವೇ ಬತ್ತುತ್ತದೆ. ಡೆಲ್ಟಾ ಪ್ರೋಟೀನಿಗೆ ಬೇರೆ ಕೈನೇಸ್‌ಗಳು ಸೇರಿಸಬೇಕಾದ ಫಾಸ್ಫೇಟ್ ಸೇರುವುದಿಲ್ಲ. ಇಂತಹ ಸೋರಿಕೆ ಉಂಟುಮಾಡುವ ಇತರ ವಸ್ತುಗಳನ್ನು ಹಾಕಿದಾಗಲೂ ಇದೇ ಫಲ ಕಂಡಿತು. ಅಂದರೆ ರಾಟ್ಲರಿನ್ ಒಂದು ಬೀಗವನ್ನು ಹಾಕಿರಲಿಲ್ಲ. ಇಡೀ ಊರಿನ ದೀಪವನ್ನು ಮಂಕು ಮಾಡಿತ್ತು.

ಮುಂದಿನ ಪುರಾವೆ ತಳಿವಿಜ್ಞಾನದಿಂದ ಬಂದಿತು. ಡೆಲ್ಟಾ ಕಿಣ್ವದ ಜೀನನ್ನು ತೆಗೆದುಹಾಕಿದ ಇಲಿಗಳು ೨೦೦೧-೨೦೦೨ರ ವೇಳೆಗೆ ಲಭ್ಯವಾದವು. ಡೆಲ್ಟಾವೇ ಇಲ್ಲದ ಕೋಶದಲ್ಲಿ ಡೆಲ್ಟಾ ಪ್ರತಿಬಂಧಕಕ್ಕೆ ಕೆಲಸವಿರಬಾರದು ಎಂಬುದು ಸರಳ ತರ್ಕ. ಮೇದೋಜೀರಕ ಗ್ರಂಥಿಯ ಕೋಶಗಳನ್ನು ಕುರಿತ ೨೦೦೬ರ ಒಂದು ಅಧ್ಯಯನವು, ರಾಟ್ಲರಿನ್ ಅಲ್ಲಿ ಕಿಣ್ವಸ್ರಾವವನ್ನೂ ಹಲವು ಸಂಕೇತ ಹಾದಿಗಳನ್ನೂ ಡೆಲ್ಟಾವನ್ನು ಅವಲಂಬಿಸದ ಬಗೆಯಲ್ಲಿ ತಡೆಯುತ್ತದೆಂದು ವರದಿ ಮಾಡಿತು. ಅದಕ್ಕೂ ಮುನ್ನ, ೨೦೦೫ರಲ್ಲಿ, ರಾಟ್ಲರಿನ್ ಒಂದು ಬಗೆಯ ಪೊಟ್ಯಾಸಿಯಂ ನಾಳವನ್ನು ತೆರೆಯುತ್ತದೆಂದೂ ತಿಳಿದಿತ್ತು. ಸೋಲ್ಟಾಫ್ ಅವರು ೨೦೦೭ರಲ್ಲಿ ಈ ಎಲ್ಲ ಪುರಾವೆಗಳನ್ನು ಒಂದೆಡೆ ತಂದು, ಡೆಲ್ಟಾ ಕಿಣ್ವದ ಪ್ರತಿಬಂಧಕವಾಗಿ ರಾಟ್ಲರಿನ್ ಅನುಚಿತವೂ ನಿಷ್ಫಲವೂ ಆದುದೆಂದು ಶೀರ್ಷಿಕೆಯಲ್ಲಿಯೇ ಸಾರುವ ವಿಮರ್ಶಾ ಲೇಖನವನ್ನು ಬರೆದರು.

೬. ಹೆಸರು ಉಳಿಯುವ ಬಗೆ

ಇಷ್ಟಾದ ಮೇಲೆಯೂ ಡೆಲ್ಟಾ ಪ್ರತಿಬಂಧಕವೆಂಬ ನೆಲೆಯಲ್ಲಿ ರಾಟ್ಲರಿನ್ ಬಳಸಿದ ಪ್ರಬಂಧಗಳು ನಿಲ್ಲಲಿಲ್ಲ. ಇದಕ್ಕೆ ಸಂಶೋಧಕರ ಅಲಕ್ಷ್ಯವೊಂದನ್ನೇ ಕಾರಣವಾಗಿಸುವುದು ಸುಲಭ. ಆದರೆ ಅದು ಅಪೂರ್ಣ ವಿವರಣೆ.

ಮೊದಲನೆಯದಾಗಿ, ಹಳೆಯ ಪ್ರಬಂಧಗಳು ಕಣ್ಮರೆಯಾಗುವುದಿಲ್ಲ. ಹೊಸದಾಗಿ ಕ್ಷೇತ್ರಕ್ಕೆ ಬಂದವನು ೧೯೯೮ರ ಪ್ರಬಂಧವನ್ನು ಓದಿ ಅದರ ವಿಧಾನವನ್ನು ಅನುಸರಿಸುತ್ತಾನೆ. ಅವನನ್ನು ಓದಿದ ಮತ್ತೊಬ್ಬನು ಅವನನ್ನು ಉಲ್ಲೇಖಿಸುತ್ತಾನೆ. ತಿದ್ದುಪಡಿಯು ಬೇರೆ ಪತ್ರಿಕೆಯಲ್ಲಿ, ಬೇರೆ ಶೀರ್ಷಿಕೆಯಡಿ ಇರುತ್ತದೆ. ಮೌಖಿಕ ಪರಂಪರೆಯಲ್ಲಿ ಕಥೆಯನ್ನು ಕೊನೆಯದಾಗಿ ಹೇಳಿದವನ ಬಾಯಿಂದ ಕೇಳಿ ಮುಂದಕ್ಕೆ ಹೇಳುವಂತೆಯೇ ಇಲ್ಲಿಯೂ ಉಲ್ಲೇಖವು ಹತ್ತಿರದ ಮೂಲದಿಂದ ಬರುತ್ತದೆಯೇ ಹೊರತು ಆದಿ ಮೂಲದಿಂದಲ್ಲ. ಆದಿ ಮೂಲವನ್ನು ತೆರೆದಿದ್ದರೆ ಕ್ಯಾಲ್ಮೊಡ್ಯುಲಿನ್ ಕೈನೇಸಿನ ಅಂಕಿ ಕಣ್ಣಿಗೆ ಬೀಳುತ್ತಿತ್ತು.

ಎರಡನೆಯದಾಗಿ, ಸಾಧನವು ಫಲ ಕೊಡುತ್ತಿತ್ತು. ರಾಟ್ಲರಿನ್ ಹಾಕಿದಾಗ ಜೀವಕೋಶದಲ್ಲಿ ಏನಾದರೊಂದು ಖಂಡಿತ ಬದಲಾಗುತ್ತಿತ್ತು. ಏನೂ ಮಾಡದ ವಸ್ತು ಬೇಗ ಮೂಲೆ ಸೇರುತ್ತದೆ. ಹಲವು ಕೆಲಸ ಮಾಡುವ ವಸ್ತುವಾದರೋ ಪ್ರತಿ ಪ್ರಯೋಗದಲ್ಲಿಯೂ ಗೆದ್ದಂತೆ ತೋರುತ್ತದೆ.

ಮೂರನೆಯದು ಆಯ್ಕೆಶೀಲತೆಯ ಸ್ವರೂಪಕ್ಕೇ ಸಂಬಂಧಿಸಿದುದು. ಜಾನಪದ ಅಧ್ಯಯನದಲ್ಲಿ ಒಂದು ಕಥೆಯ ವೈಶಿಷ್ಟ್ಯವನ್ನು ಅದರ ಪಾಠಾಂತರಗಳೊಡನೆ ಹೋಲಿಸದೆ ಹೇಳಲಾಗುವುದಿಲ್ಲ. ಐದು ಪಾಠಗಳನ್ನು ಕಂಡವನು ಒಂದು ಆಶಯವನ್ನು ಅನನ್ಯವೆಂದರೆ, ಐನೂರು ಪಾಠಗಳನ್ನು ಕಂಡವನು ಅದನ್ನು ಸಾಮಾನ್ಯವೆನ್ನಬಹುದು. ಪ್ರತಿಬಂಧಕದ ವಿಷಯದಲ್ಲಿಯೂ ಸ್ಥಿತಿ ಇದೇ. ಆಯ್ಕೆ ಎಂಬುದು ವಸ್ತುವಿನೊಳಗೆ ನೆಲೆಸಿರುವ ಗುಣವಲ್ಲ. ಯಾವ ಪ್ರಮಾಣದಲ್ಲಿ, ಎಷ್ಟು ಕಿಣ್ವಗಳ ಎದುರು, ಎಷ್ಟು ಎಟಿಪಿಯ ಸಮಕ್ಷಮದಲ್ಲಿ ನೋಡಲಾಯಿತು ಎಂಬ ಸಂಬಂಧದಲ್ಲಿ ಅದು ಇರುತ್ತದೆ. ಜೀವಕೋಶದೊಳಗಿನ ಎಟಿಪಿಯ ಪ್ರಮಾಣ ಪರೀಕ್ಷಾ ನಾಳದಲ್ಲಿ ಸಾಮಾನ್ಯವಾಗಿ ಬಳಸುವುದಕ್ಕಿಂತ ಬಹಳ ಹೆಚ್ಚು. ಎಟಿಪಿಯೊಡನೆ ಸ್ಪರ್ಧಿಸುವ ಪ್ರತಿಬಂಧಕವನ್ನು ಅಲ್ಲಿ ಹೆಚ್ಚು ಹಾಕಬೇಕಾಗುತ್ತದೆ. ಹೆಚ್ಚು ಹಾಕಿದಷ್ಟೂ ಅದು ಗುರಿಯಲ್ಲದ ಕಿಣ್ವಗಳನ್ನು ಮುಟ್ಟುತ್ತದೆ. ಡೆಲ್ಟಾ ಪ್ರತಿಬಂಧಕ ಎಂಬ ಎರಡು ಪದಗಳ ಹೆಸರಿನಲ್ಲಿ ಈ ಷರತ್ತುಗಳಾವುವೂ ಉಳಿಯಲಿಲ್ಲ.

೭. ಬಳಕೆಯ ಶಿಸ್ತು

ಡಂಡೀಯ ತಂಡವು ತನ್ನ ಪರೀಕ್ಷೆಯನ್ನು ೨೦೦೩ರಲ್ಲಿಯೂ ೨೦೦೭ರಲ್ಲಿಯೂ ವಿಸ್ತರಿಸಿತು. ಕೊನೆಯ ಪಟ್ಟಿಯಲ್ಲಿ ೬೫ ಪ್ರತಿಬಂಧಕಗಳೂ ೭೦ರಿಂದ ೮೦ ಕೈನೇಸ್‌ಗಳೂ ಇದ್ದವು. ಈ ಕೆಲಸದಿಂದ ಬಳಕೆಯ ಕೆಲವು ನಿಯಮಗಳು ರೂಪುಗೊಂಡವು. ಗುರಿ ಕಿಣ್ವ ತಡೆಯಲ್ಪಟ್ಟಿದೆಯೆಂದು ಅದರ ಪರಿಚಿತ ಗುರಿ ಪ್ರೋಟೀನನ್ನು ನೋಡಿ ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಸಾಕಾಗುವಷ್ಟೇ ಪ್ರಮಾಣವನ್ನು ಬಳಸಬೇಕು. ರಚನೆಯಲ್ಲಿ ಸಂಬಂಧವಿಲ್ಲದ ಎರಡನೆಯ ಪ್ರತಿಬಂಧಕದಿಂದಲೂ ಅದೇ ಫಲ ಬರಬೇಕು. ಸಾಧ್ಯವಾದಲ್ಲಿ, ಪ್ರತಿಬಂಧಕಕ್ಕೆ ಬಗ್ಗದಂತೆ ಮಾರ್ಪಡಿಸಿದ ಕಿಣ್ವವನ್ನು ಕೋಶಕ್ಕೆ ಸೇರಿಸಿದಾಗ ಫಲವು ಮಾಯವಾಗಬೇಕು. ಈ ಕೊನೆಯ ಪರೀಕ್ಷೆ ಎಲ್ಲಕ್ಕಿಂತ ಬಿಗಿಯಾದುದು. ಕೆವನ್ ಶೋಕಾಟ್ ಅವರ ತಂಡವು ೧೯೯೦ರ ದಶಕದ ಉತ್ತರಾರ್ಧದಿಂದ ಇದೇ ವಿಚಾರವನ್ನು ತಿರುವಿ ಬಳಸಿ, ಕೈನೇಸಿನ ಕುಳಿಯನ್ನೇ ಸ್ವಲ್ಪ ಹಿಗ್ಗಿಸಿ, ಅದಕ್ಕೆ ಮಾತ್ರ ಹೊಂದುವ ಪ್ರತಿಬಂಧಕವನ್ನು ರೂಪಿಸಿತು. ಬೀಗಕ್ಕೆ ತಕ್ಕ ಕೀಲಿ ಸಿಗದಿದ್ದಾಗ ಬೀಗವನ್ನೇ ತಿದ್ದಿಕೊಳ್ಳುವ ಕ್ರಮವಿದು.

೨೦೧೫ರಲ್ಲಿ ಆರಂಭವಾದ ರಾಸಾಯನಿಕ ಸಾಧನಗಳ ಸಾರ್ವಜನಿಕ ಮಾಹಿತಿಕೋಶವೊಂದು ತಜ್ಞರ ವಿಮರ್ಶೆಯೊಡನೆ ಯಾವ ಪ್ರತಿಬಂಧಕವನ್ನು ಯಾವ ಪ್ರಮಾಣದಲ್ಲಿ ಬಳಸಬಹುದೆಂದು ತಿಳಿಸತೊಡಗಿತು. ಆದರೂ ನಿಯಮ ಮತ್ತು ಆಚರಣೆಗಳ ನಡುವಿನ ಅಂತರ ದೊಡ್ಡದು. ರಾಸಾಯನಿಕ ಸಾಧನಗಳನ್ನು ಬಳಸಿದ ೬೬೨ ಪ್ರಬಂಧಗಳನ್ನು ಪರಿಶೀಲಿಸಿ ೨೦೨೩ರಲ್ಲಿ ಪ್ರಕಟವಾದ ಅಧ್ಯಯನವು, ಸೂಚಿತ ಪ್ರಮಾಣ, ನಿಷ್ಕ್ರಿಯ ಜೋಡಿ ವಸ್ತು ಹಾಗೂ ಎರಡನೆಯ ಸ್ವತಂತ್ರ ಸಾಧನ ಈ ಮೂರನ್ನೂ ಪಾಲಿಸಿದವು ಶೇ. ೪ರಷ್ಟು ಮಾತ್ರ ಎಂದು ತಿಳಿಸಿತು.

ಸಮಾರೋಪ

ಕುಂಕುಮದ ಮರದ ಹುಡಿಯನ್ನು ಬಳಸಿದ ಬಣ್ಣಗಾರರಿಗಾಗಲಿ ವೈದ್ಯರಿಗಾಗಲಿ ಕೈನೇಸ್‌ಗಳ ತಿಳಿವಳಿಕೆ ಇತ್ತೆಂದು ಹೇಳುವುದು ಚರಿತ್ರೆಗೆ ಅಪಚಾರ. ಆಧುನಿಕ ವಿಜ್ಞಾನದ ಶೋಧಗಳನ್ನು ಪರಂಪರೆಯಲ್ಲಿ ಮೊದಲೇ ಕಂಡಂತೆ ಸಾಧಿಸುವ ಹವ್ಯಾಸದಿಂದ ಪರಂಪರೆಗೂ ಗೌರವ ಬರುವುದಿಲ್ಲ. ಅವರ ತಿಳಿವಳಿಕೆ ಬೇರೆ ಬಗೆಯದು. ಒಂದೇ ಹುಡಿ ಬಣ್ಣವೂ ಹೌದು, ಹುಳುವಿನ ಮದ್ದೂ ಹೌದು, ವಿರೇಚಕವೂ ಹೌದು. ಯಾವುದಾಗುತ್ತದೆಂಬುದನ್ನು ಪ್ರಮಾಣವೂ ಜೊತೆಯ ವಸ್ತುಗಳೂ ನಿರ್ಧರಿಸುತ್ತವೆ ಎಂಬುದು ಅವರ ಬಳಕೆಯಲ್ಲಿಯೇ ಅಡಕವಾಗಿತ್ತು. ಬಹುಗುಣದ ವಸ್ತುವನ್ನು ಬಹುಗುಣದ ವಸ್ತುವೆಂದೇ ಅವರು ನಿರ್ವಹಿಸಿದರು. ಅದಕ್ಕೆ ಏಕಗುಣದ ಹೆಸರು ಬಂದದ್ದು ೧೯೯೪ರ ನಂತರ.

ಆ ಹೆಸರನ್ನು ಕಳಚಿದ್ದೂ ವಿಜ್ಞಾನವೇ ಎಂಬುದನ್ನು ಮರೆಯುವಂತಿಲ್ಲ. ಹೊಸದೇನನ್ನೂ ಕಂಡುಹಿಡಿಯುವ ಪ್ರಲೋಭನೆಯಿಲ್ಲದೆ, ಇತರರು ಕೊಟ್ಟ ಹೆಸರುಗಳನ್ನು ಒಂದೊಂದಾಗಿ ಪರೀಕ್ಷೆಗೆ ಒಡ್ಡಿದ ಡಂಡೀಯ ತಂಡದ ಕೆಲಸವು ನಿಘಂಟುಕಾರನ ಅಥವಾ ಗ್ರಂಥಸಂಪಾದಕನ ಕೆಲಸಕ್ಕೆ ಹತ್ತಿರವಾದುದು. ಇಂತಹ ಕೆಲಸಕ್ಕೆ ಸಿಗುವ ಕೀರ್ತಿ ಕಡಿಮೆ, ಅದನ್ನು ಅವಲಂಬಿಸಿದವರ ಸಂಖ್ಯೆ ದೊಡ್ಡದು. ರಾಟ್ಲರಿನ್ ಬಳಸಿ ಡೆಲ್ಟಾ ಕಿಣ್ವದ ಪಾತ್ರವನ್ನು ನಿರ್ಣಯಿಸಿದ ಪ್ರಬಂಧಗಳು ಇಂದಿಗೂ ಗ್ರಂಥಾಲಯಗಳಲ್ಲಿವೆ. ಅವುಗಳ ವೀಕ್ಷಣೆಗಳು ಸುಳ್ಳಲ್ಲ. ಕಾರಣದ ನಿರ್ದೇಶವನ್ನು ಮಾತ್ರ ಬೇರೆ ಪುರಾವೆಯಿಲ್ಲದೆ ಸ್ವೀಕರಿಸುವಂತಿಲ್ಲ. ಅವುಗಳನ್ನು ತೆರೆಯುವ ಓದುಗನು ೨೦೦೦ ಮತ್ತು ೨೦೦೧ರ ಅಧ್ಯಯನಗಳನ್ನೂ ಪಕ್ಕದಲ್ಲಿರಿಸಿಕೊಂಡು ಓದುವುದು ಅವಶ್ಯಕ.